ಒಂದು ಹೆಲಿಕಾಪ್ಟರ್ ಕಮ್ಮಿ, ಕೊನೆಯ ಹುಳು ಬಾಕಿ

2015ರ ಆಗಸ್ಟ್ 20. ಅಟ್ಲಾಂಟಾದ ಕಾರ್ಟರ್ ಸೆಂಟರ್‌ನಲ್ಲಿ ಕೋಟು, ಜೀನ್ಸ್ ತೊಟ್ಟು ಪತ್ರಕರ್ತರ ಮುಂದೆ ಕುಳಿತ 90 ವರ್ಷದ ಜಿಮ್ಮಿ ಕಾರ್ಟರ್ ತಮ್ಮ ಕಾಯಿಲೆಯ ವಿವರ ಹೇಳುತ್ತಿದ್ದರು. ಯಕೃತ್ತಿನಿಂದ ತೆಗೆದ ಗೆಡ್ಡೆ ಮೆಲನೋಮ ಎಂಬ ಕ್ಯಾನ್ಸರ್. ಮಿದುಳಿನಲ್ಲೂ ಅದರ ನಾಲ್ಕು ಸಣ್ಣ ಚುಕ್ಕೆಗಳು ಕಂಡಿವೆ. ಅವತ್ತೇ ಮಧ್ಯಾಹ್ನದಿಂದ ರೇಡಿಯೇಷನ್ ಶುರು. ಬೇರೆ ಯಾರದ್ದೋ ರಿಪೋರ್ಟ್ ಓದಿ ಹೇಳುವಷ್ಟು ನಿರಾಳವಾಗಿ ಇದನ್ನೆಲ್ಲ ಹೇಳಿದರು. ಬದುಕಿನಲ್ಲಿ ಬೇರೆ ಥರ ಮಾಡಬೇಕಿತ್ತು ಅನಿಸುವುದು ಏನಾದರೂ ಇದೆಯೇ ಎಂದು ಒಬ್ಬರು ಕೇಳಿದಾಗ, 1980ರಲ್ಲಿ ಇರಾನಿಗೆ ಇನ್ನೊಂದು ಹೆಲಿಕಾಪ್ಟರ್ ಕಳಿಸಬೇಕಿತ್ತು, ಕಳಿಸಿದ್ದರೆ ಅಲ್ಲಿದ್ದ ನಮ್ಮ ಒತ್ತೆಯಾಳುಗಳನ್ನು ಬಿಡಿಸಿಕೊಂಡು ಬರುತ್ತಿದ್ದೆವು, ನಾನೂ ಮರಳಿ ಆರಿಸಿ ಬರುತ್ತಿದ್ದೆ ಎಂದರು. ಇನ್ನು ಮುಂದೆ ಏನಾಗಬೇಕು ಎಂಬ ಮಾತು ಬಂದಾಗ, ತಾನು ಸಾಯುವ ಮೊದಲು, ಕುಡಿಯುವ ನೀರಿನಿಂದ ಮನುಷ್ಯರ ಮೈ ಸೇರುವ ಗಿನಿ ಹುಳುಗಳಲ್ಲಿ ಕೊನೆಯದು ಸಾಯಬೇಕು ಎಂದರು.

ಅಮೆರಿಕದ 39ನೇ ಅಧ್ಯಕ್ಷರ ಇಡೀ ಬದುಕು ಈ ಎರಡು ಉತ್ತರಗಳ ನಡುವೆ ಇದೆ. ಎರಡೂ ಎಣಿಕೆಯ ಮಾತು. ಒಂದು ಕಡೆ ಒಂದು ಕಮ್ಮಿಯಾಯಿತು, ಇನ್ನೊಂದು ಕಡೆ ಒಂದು ಉಳಿದಿದೆ.

ಕಾರ್ಟರ್ ಬಗ್ಗೆ ಎಲ್ಲರೂ ಸಲೀಸಾಗಿ ಹೇಳುವ ಮಾತೊಂದಿದೆ: ಅಧ್ಯಕ್ಷರಾಗಿ ಸೋತರು, ಮಾಜಿ ಅಧ್ಯಕ್ಷರಾಗಿ ಗೆದ್ದರು. ಈ ಮಾತನ್ನು ಒಪ್ಪಲಾಗುವುದಿಲ್ಲ, ಅದು ಒಬ್ಬ ಮನುಷ್ಯನನ್ನು ಕೊಯ್ದು ಇಬ್ಬರನ್ನಾಗಿ ಮಾಡುತ್ತದೆ. ಕೆಲಸವನ್ನು ಬಿಡಿಬಿಡಿಯಾಗಿ ಬಿಚ್ಚುವುದು, ಪ್ರತಿ ಬಿಡಿಯನ್ನೂ ಎಣಿಸುವುದು, ಒಂದಾದ ಮೇಲೊಂದು ಮುಗಿಸುವುದು, ಈ ಎಂಜಿನಿಯರ್ ಚಾಳಿ ಅವರಿಗೆ ಚಿಕ್ಕಂದಿನಿಂದ ಕಡೆಯವರೆಗೂ ಇತ್ತು. ಅದಕ್ಕೆ ಒಗ್ಗುವ ಕೆಲಸ ಸಿಕ್ಕಾಗ ಅವರಷ್ಟು ಚೆನ್ನಾಗಿ ಮಾಡಿದವರು ಕಡಿಮೆ. ಒಗ್ಗದ ಕೆಲಸ ಸಿಕ್ಕಾಗ ಅದೇ ಚಾಳಿ ಅವರನ್ನು ಕೆಡವಿತು.

ಹುಟ್ಟಿದ್ದು 1924ರ ಅಕ್ಟೋಬರ್ 1ರಂದು, ಜಾರ್ಜಿಯಾ ರಾಜ್ಯದ ಪ್ಲೇನ್ಸ್ ಎಂಬ ಪುಟ್ಟ ಊರಿನ ಆಸ್ಪತ್ರೆಯಲ್ಲಿ. ಆಸ್ಪತ್ರೆಯಲ್ಲಿ ಹುಟ್ಟಿದ ಮೊದಲ ಅಮೆರಿಕನ್ ಅಧ್ಯಕ್ಷ ಅವರೇ. ತಾಯಿ ಲಿಲಿಯನ್ ನರ್ಸ್. ತಂದೆ ಅರ್ಲ್ ಜಮೀನುದಾರ, ಅಂಗಡಿಯೂ ಇತ್ತು. ಬೆಳೆದದ್ದು ಅಲ್ಲೇ ಪಕ್ಕದ ಆರ್ಚರಿ ಎಂಬಲ್ಲಿನ ತೋಟದ ಮನೆಯಲ್ಲಿ. ಸುತ್ತ ಇದ್ದವರಲ್ಲಿ ಹೆಚ್ಚಿನವರು ಪಾಲಿಗೆ ಗೇಯುವ ಕರಿಯರು, ಆಟದ ಗೆಳೆಯರೂ ಅವರ ಮಕ್ಕಳೇ. ಮನೆಗೆ ಕರೆಂಟ್ ಬಂದದ್ದು ಅವರು ಹದಿಹರೆಯಕ್ಕೆ ಬಂದ ಮೇಲೆ.

ಆ ತೋಟದ ಕೆಲಸಗಳಲ್ಲಿ ಒಂದನ್ನು ಹತ್ತಿರದಿಂದ ನೋಡಬೇಕು. ಹತ್ತಿಯ ಮೊಗ್ಗನ್ನು ಮೂತಿಹುಳು ಕೊರೆಯುತ್ತಿತ್ತು. ಅದಕ್ಕೆ ಮದ್ದು ಕ್ಯಾಲ್ಸಿಯಂ ಆರ್ಸೆನೇಟ್ ಎಂಬ ವಿಷ. ಬರೀ ಪುಡಿ ಎಲೆಗೆ ಅಂಟುವುದಿಲ್ಲ, ಆದ್ದರಿಂದ ಅದನ್ನು ಕಾಕಂಬಿ, ನೀರಿನೊಂದಿಗೆ ಕಲಸುತ್ತಿದ್ದರು. ಬಕೆಟ್ಟು ಹಿಡಿದು ಸಾಲಿನಲ್ಲಿ ನಡೆಯುತ್ತ, ಕೋಲಿನ ತುದಿಗೆ ಕಟ್ಟಿದ ಬಟ್ಟೆಯಿಂದ ಒಂದೊಂದೇ ಗಿಡದ ಕುಡಿಗೆ ಸವರುವುದು ಹುಡುಗರ ಪಾಲಿನ ಕೆಲಸ. ಕಾಕಂಬಿಗೆ ನೊಣ, ಜೇನುಹುಳು ಮುತ್ತಿಕೊಂಡು ಹಿಂದೆಯೇ ಬರುತ್ತಿದ್ದವು. ಸಂಜೆ ಹೊತ್ತಿಗೆ ಪ್ಯಾಂಟು ಒಣಗಿ ಸೆಟೆದು, ಬಿಚ್ಚಿಟ್ಟರೆ ತಾನೇ ನಿಲ್ಲುವಷ್ಟು ಗಟ್ಟಿಯಾಗುತ್ತಿತ್ತು. ಕಾರ್ಟರ್ ಈ ಕೆಲಸವನ್ನು ಜೀವಮಾನವಿಡೀ ಬೈದುಕೊಂಡರು. ಆದರೂ ಅದನ್ನು ಗಮನಿಸಿ: ಒಂದು ಗಿಡ ಬಿಟ್ಟರೆ ಅಲ್ಲಿಂದಲೇ ಹುಳು ಮತ್ತೆ ಹಬ್ಬುತ್ತದೆ, ಅದಕ್ಕೆ ಯಾವ ಗಿಡವನ್ನೂ ಬಿಡುವಂತಿಲ್ಲ. 60 ವರ್ಷ ದಾಟಿದ ಮೇಲೆ ಅವರು ಕೈಗೆತ್ತಿಕೊಂಡದ್ದು ಇದೇ ಬಗೆಯ ಇನ್ನೊಂದು ಕೆಲಸ.

ನೌಕಾ ಅಕಾಡೆಮಿಯಿಂದ 1946ರಲ್ಲಿ ಹೊರಬಂದರು. ಅದೇ ಜುಲೈ 7ರಂದು ಊರಿನ ಹುಡುಗಿ ರೋಸಲಿನ್ ಸ್ಮಿತ್ ಜೊತೆ ಮದುವೆ, 77 ವರ್ಷ ಬಾಳಿದ ದಾಂಪತ್ಯ. ಮುಂದೆ ಜಲಾಂತರ್ಗಾಮಿಗಳಲ್ಲಿ ಕೆಲಸ. 1952ರಲ್ಲಿ ಅಣುಶಕ್ತಿಯ ಜಲಾಂತರ್ಗಾಮಿ ಕಟ್ಟುತ್ತಿದ್ದ ಹೈಮನ್ ರಿಕೋವರ್ ಅವರ ಮುಂದೆ ಸಂದರ್ಶನಕ್ಕೆ ಕೂತರು. ಅಕಾಡೆಮಿಯಲ್ಲಿ 800ಕ್ಕೂ ಹೆಚ್ಚು ಮಂದಿಯ ಪೈಕಿ 60ರ ಆಸುಪಾಸಿನ ಸ್ಥಾನ ಎಂದು ಹೆಮ್ಮೆಯಿಂದ ಹೇಳಿದರೆ, ನಿನ್ನ ಕೈಲಾದದ್ದನ್ನೆಲ್ಲ ಮಾಡಿದ್ದೆಯಾ ಎಂದು ರಿಕೋವರ್ ಕೇಳಿದರು. ಇಲ್ಲ ಎಂದು ಒಪ್ಪಿಕೊಳ್ಳಬೇಕಾಯಿತು. ಯಾಕೆ ಮಾಡಲಿಲ್ಲ ಎಂದು ಕೇಳಿ, ಕುರ್ಚಿ ತಿರುಗಿಸಿ ಸಂದರ್ಶನ ಮುಗಿಸಿಬಿಟ್ಟರು. ಕೆಲಸವೇನೋ ಸಿಕ್ಕಿತು. ಆ ಪ್ರಶ್ನೆ ಮಾತ್ರ ಕಾರ್ಟರ್ ಅವರನ್ನು ಬಿಡಲಿಲ್ಲ. ಅಧ್ಯಕ್ಷ ಚುನಾವಣೆಗೆ ನಿಂತಾಗ ಬರೆದ ಪುಸ್ತಕದ ಹೆಸರೂ ಅದರಿಂದಲೇ ಬಂತು.

ಅದೇ ವರ್ಷ ಡಿಸೆಂಬರ್ 12ರಂದು ಕೆನಡಾದ ಚಾಕ್ ರಿವರ್‌ನಲ್ಲಿದ್ದ ಎನ್‌ಆರ್‌ಎಕ್ಸ್ ಎಂಬ ರಿಯಾಕ್ಟರ್ ಕೆಟ್ಟಿತು. ಕೆಟ್ಟ ಬಗೆ ತಿಳಿಯುವಂಥದ್ದು. ನೆಲಮಾಳಿಗೆಯಲ್ಲಿ ಒಬ್ಬ ಕೆಲಸಗಾರ ತಪ್ಪಿ ಕೆಲವು ವಾಲ್ವ್‌ಗಳನ್ನು ತಿರುಗಿಸಿದ, ಅಣುಕ್ರಿಯೆಯನ್ನು ತಡೆದಿಡುವ ನಿಯಂತ್ರಣ ಸರಳುಗಳು ಮೇಲೇರಿದವು. ದೀಪ ಕಂಡ ಮೇಲ್ವಿಚಾರಕ ಕೆಳಗೋಡಿ ವಾಲ್ವ್ ಸರಿ ಮಾಡಿದ. ಸರಳುಗಳು ಪೂರ್ತಿ ಇಳಿದವು ಎಂದುಕೊಂಡ, ಇಳಿದಿರಲಿಲ್ಲ. ಅಲ್ಲಿಂದಲೇ ಕಂಟ್ರೋಲ್ ರೂಮಿಗೆ ಫೋನ್ ಮಾಡಿ, 4 ಮತ್ತು 3ನೇ ಬಟನ್ ಒತ್ತು ಎನ್ನುವ ಬದಲು 4 ಮತ್ತು 1 ಎಂದುಬಿಟ್ಟ. ಬಟನ್‌ಗೆ ಕೈ ಎಟುಕಬೇಕಾದರೆ ಫೋನ್ ಕೆಳಗಿಡಬೇಕಿತ್ತು, ಮೇಲಿದ್ದ ಸಹಾಯಕ ಇಟ್ಟ. ತಪ್ಪು ಹೊಳೆದು ಈತ ಕೂಗಿದ್ದು ಆತನ ಕಿವಿಗೆ ಬೀಳಲಿಲ್ಲ. ಒಂದನೇ ಬಟನ್ ಇನ್ನಷ್ಟು ಸರಳುಗಳನ್ನು ಮೇಲೆತ್ತಿತು. ಇಂಧನದ ಸರಳುಗಳು ಕರಗಿದವು. ವಿಕಿರಣ ಬೆರೆತ ಸುಮಾರು 45 ಲಕ್ಷ ಲೀಟರ್ ನೀರು ನೆಲಮಾಳಿಗೆಯಲ್ಲಿ ತುಂಬಿಕೊಂಡಿತು.

ಆ ಕೆಟ್ಟ ರಿಯಾಕ್ಟರನ್ನು ಬಿಚ್ಚಲು ಹೋದವರಲ್ಲಿ 28 ವರ್ಷದ ಕಾರ್ಟರ್ ಮತ್ತು ಅವರ ತಂಡವೂ ಇತ್ತು. ಒಳಗೆ ವಿಕಿರಣ ಎಷ್ಟಿತ್ತೆಂದರೆ ಒಬ್ಬ ಮನುಷ್ಯ ಅಲ್ಲಿ ಇರಬಹುದಾದದ್ದು ಸುಮಾರು 90 ಸೆಕೆಂಡು. ಹತ್ತಿರದ ಟೆನ್ನಿಸ್ ಅಂಗಳದಲ್ಲಿ ರಿಯಾಕ್ಟರ್‌ನ ತದ್ರೂಪು ಮಾದರಿ ಕಟ್ಟಿದರು. ಮೂವರು ಮೂವರ ಗುಂಪು ಅದರ ಮೇಲೆ ಪದೇ ಪದೇ ಅಭ್ಯಾಸ ಮಾಡಿತು: ಯಾವ ಸ್ಪ್ಯಾನರ್, ಯಾವ ಬೋಲ್ಟ್, ಯಾರು ಎಲ್ಲಿ ಬಗ್ಗಬೇಕು. ಆಮೇಲೆ ಬಿಳಿ ರಕ್ಷಾ ಉಡುಪು ತೊಟ್ಟು ನಿಜವಾದದ್ದರೊಳಗೆ ಓಡುವುದು, ಸಾಧ್ಯವಾದಷ್ಟು ಬೋಲ್ಟ್ ಬಿಚ್ಚುವುದು, ಹೊರಗೆ ಬರುವುದು. ಒಳಗೆ ಒಂದು ಬೋಲ್ಟ್ ಬಿಚ್ಚಿದರೆ ಅದೇ ಬೋಲ್ಟನ್ನು ಅಂಗಳದ ಮಾದರಿಯಿಂದಲೂ ತೆಗೆಯುತ್ತಿದ್ದರು. ಹಾಗಾಗಿ ಮುಂದಿನ ಗುಂಪಿಗೆ ಕೆಲಸ ಎಲ್ಲಿಗೆ ಬಂದಿದೆ ಎಂಬುದು ಒಳಹೋಗುವ ಮೊದಲೇ ಗೊತ್ತು. ಆಮೇಲೆ ಆರು ತಿಂಗಳು ಅವರ ಮೂತ್ರದಲ್ಲಿ ವಿಕಿರಣ ಕಾಣುತ್ತಿತ್ತು.

ಈ ಕ್ರಮವನ್ನು ನೆನಪಿಟ್ಟುಕೊಳ್ಳಿ. ತಾಲೀಮು, ಎಣಿಕೆ, ಒಂದು ಗುಂಪು ಬಿಟ್ಟಲ್ಲಿಂದ ಇನ್ನೊಂದು ಗುಂಪು.

1953ರಲ್ಲಿ ತಂದೆ ಮೇದೋಜೀರಕ ಗ್ರಂಥಿಯ ಕ್ಯಾನ್ಸರ್‌ನಿಂದ ತೀರಿಕೊಂಡರು. ರೋಸಲಿನ್‌ಗೆ ಸುತರಾಂ ಇಷ್ಟವಿಲ್ಲದಿದ್ದರೂ ಕಾರ್ಟರ್ ನೌಕಾಪಡೆ ಬಿಟ್ಟು ಪ್ಲೇನ್ಸ್‌ಗೆ ಮರಳಿದರು. ಮೊದಮೊದಲು ಉಳಿದದ್ದು ಸರಕಾರಿ ಬಡವರ ವಸತಿಯಲ್ಲಿ. 1954ರಲ್ಲಿ ಬರ ಬಿದ್ದು, ಆ ವರ್ಷದ ಲಾಭ 300 ಡಾಲರ್ ಕೂಡ ದಾಟಲಿಲ್ಲ. ನಿಧಾನವಾಗಿ ಕೈಹಿಡಿದದ್ದು ಕಡಲೆಕಾಯಿ ಬಿತ್ತನೆ ಬೀಜದ ವ್ಯಾಪಾರ. ಬಿತ್ತನೆಯ ಕಡಲೆಕಾಯಿ ತಿನ್ನುವ ಕಡಲೆಕಾಯಿಯಂತಲ್ಲ: ಸಿಪ್ಪೆ ಬಿಡಿಸುವಾಗ ಬೇಳೆ ಎರಡಾದರೆ, ಮೇಲಿನ ಕೆಂಪು ಪೊರೆ ಕಿತ್ತು ಬಂದರೆ ಮೊಳಕೆ ಕೈಕೊಡುತ್ತದೆ. ಗೋದಾಮಿಗೆ ಹಾಕುವಾಗ ತೇವ ಶೇ. 10ರ ಮೇಲಿದ್ದರೆ ಬೂಷ್ಟು ಹಿಡಿದು ರಾಶಿಯೇ ಹೋಗುತ್ತದೆ. ಯಂತ್ರದ ಉರುಳೆಗಳ ನಡುವಿನ ಸಂದು, ಒಣಗಿಸುವ ಗಾಳಿಯ ಬಿಸಿ, ಇಂಥದ್ದನ್ನು ದಿನವೂ ನೋಡಿಕೊಳ್ಳುವವನಿಗೇ ಈ ವ್ಯಾಪಾರ ದಕ್ಕುವುದು. ಅವರಿಗೆ ದಕ್ಕಿತು. ವರ್ಣಭೇದ ಉಳಿಸಿಕೊಳ್ಳಲು ಊರ ಬಿಳಿಯರು ಕಟ್ಟಿದ ಸಂಘಕ್ಕೆ ಸೇರಲು ಒಪ್ಪದೇ ಹೋದಾಗ ಗಿರಾಕಿಗಳು ಕೆಲಕಾಲ ದೂರವಾದರು. ಆದರೂ ಅವರು ಸೇರಲಿಲ್ಲ.

ರಾಜಕೀಯದ ಮೊದಲ ಹೆಜ್ಜೆಯೂ ಎಣಿಕೆಯ ಜಗಳವೇ. 1962ರಲ್ಲಿ ರಾಜ್ಯದ ಸೆನೆಟ್‌ಗೆ ನಿಂತಾಗ ಕ್ವಿಟ್‌ಮನ್ ಕೌಂಟಿಯ ಒಂದು ಮತಗಟ್ಟೆಯಲ್ಲಿ ಬಂದ ಮತದಾರರಿಗಿಂತ ಬಿದ್ದ ಮತಪತ್ರಗಳೇ ಜಾಸ್ತಿ. ಸತ್ತವರೂ ಮತ ಹಾಕಿದ್ದರು. ಪಟ್ಟಿಯಲ್ಲಿ ಹಲವರು ಅಕ್ಷರಮಾಲೆಯ ಕ್ರಮದಲ್ಲೇ ಬಂದು ಮತ ಹಾಕಿದಂತಿತ್ತು. ಸ್ಥಳೀಯ ಮುಖಂಡರಿಗೆ ಹೆದರಿ ಸುಮ್ಮನಿರದೆ ಅವರು ಕೋರ್ಟಿಗೆ ಹೋದರು, ಪೆಟ್ಟಿಗೆ ತೆರೆಸಿದರು, ಸೀಟು ಗೆದ್ದರು.

1970ರ ಗವರ್ನರ್ ಚುನಾವಣೆಯ ವಿಷಯದಲ್ಲಿ ಮಾತ್ರ ಅವರನ್ನು ಸಮರ್ಥಿಸಿಕೊಳ್ಳಲು ಆಗದು. ನಾಲ್ಕು ವರ್ಷ ಹಿಂದೆ ಸೋತಿದ್ದ ಕಾರ್ಟರ್ ಈ ಸಲ ವರ್ಣಭೇದದ ಪರವಿದ್ದ ಬಿಳಿಯರ ಮತ ಸೆಳೆಯುವಂತೆ ಗೊತ್ತಿದ್ದೇ ಪ್ರಚಾರ ಮಾಡಿದರು, ಗೆದ್ದರು. 1971ರ ಜನವರಿಯಲ್ಲಿ ಪ್ರಮಾಣ ಸ್ವೀಕರಿಸಿದ ದಿನವೇ ವರ್ಣಭೇದದ ಕಾಲ ಮುಗಿಯಿತು ಎಂದು ಘೋಷಿಸಿದರು, ಆಡಳಿತದಲ್ಲೂ ಹಾಗೇ ನಡೆದುಕೊಂಡರು, ಮಾರ್ಟಿನ್ ಲೂಥರ್ ಕಿಂಗ್ ಅವರ ಚಿತ್ರವನ್ನು ರಾಜ್ಯದ ಶಾಸನಭವನದಲ್ಲಿ ಹಾಕಿಸಿದರು. ಆದರೂ ಆ ಪ್ರಚಾರ ನಡೆದದ್ದು ನಿಜ, ಅದರಿಂದ ಗೆದ್ದದ್ದೂ ನಿಜ.

1976ರಲ್ಲಿ ಜೆರಾಲ್ಡ್ ಫೋರ್ಡ್ ಅವರನ್ನು 297–240 ಎಲೆಕ್ಟೋರಲ್ ಮತಗಳಿಂದ ಸೋಲಿಸಿದರು. ಅಧ್ಯಕ್ಷ ನಿಕ್ಸನ್ ಅವರ ವಾಟರ್‌ಗೇಟ್ ಹಗರಣದಿಂದ ಬೇಸತ್ತ ಜನಕ್ಕೆ, ಸುಳ್ಳು ಹೇಳುವುದಿಲ್ಲ ಎನ್ನುವ ಕಡಲೆಕಾಯಿ ರೈತ ಬೇಕಾಗಿದ್ದರು. ಪ್ರಮಾಣವಚನದ ದಿನ ಕಾರಿನಿಂದಿಳಿದು ಹೆಂಡತಿ, ಮಗಳ ಜೊತೆ ಶ್ವೇತಭವನದವರೆಗೆ ನಡೆದೇ ಹೋದರು.

ತೊಂದರೆ ಬೇಗನೇ ಶುರುವಾಯಿತು. ಬಂದ ಕೆಲವೇ ವಾರಗಳಲ್ಲಿ 19 ಅಣೆಕಟ್ಟು, ಕಾಲುವೆ ಯೋಜನೆಗಳ ಖರ್ಚು ಮತ್ತು ಲಾಭದ ಲೆಕ್ಕ ತರಿಸಿ, ಇವು ದಂಡದ ಖರ್ಚು ಎಂದು ಕೈಬಿಡಲು ಹೊರಟರು. ಲೆಕ್ಕದಲ್ಲಿ ಹೆಚ್ಚು ಕಡಿಮೆ ಅವರದ್ದೇ ಸರಿ. ಆದರೆ ಪ್ರತಿ ಅಣೆಕಟ್ಟಿನ ಹಿಂದೆ ಒಬ್ಬ ಸೆನೆಟರ್, ಹತ್ತಾರು ವರ್ಷದ ಭರವಸೆ, ಒಂದು ಊರಿನ ನಿರೀಕ್ಷೆ ಇರುತ್ತದೆ. ಅವರಲ್ಲಿ ಎಷ್ಟೋ ಮಂದಿಗೆ ಸುದ್ದಿ ತಿಳಿದದ್ದು ಪತ್ರಿಕೆಯಿಂದ. ತಮ್ಮದೇ ಪಕ್ಷಕ್ಕೆ ಬಹುಮತವಿದ್ದ ಕಾಂಗ್ರೆಸ್ಸು, ಅಂದರೆ ಅಮೆರಿಕದ ಸಂಸತ್ತು, ಅಲ್ಲಿಂದಾಚೆ ಅವರನ್ನು ಅನುಮಾನದಿಂದಲೇ ನೋಡಿತು. ಕಡತದ ಕೊನೆಯ ಪುಟದವರೆಗೆ ಓದುವ ಮನುಷ್ಯನಿಗೆ, ಎದುರು ಕೂತವನೂ ಅದನ್ನು ಓದಿದರೆ ಒಪ್ಪಿಯೇ ಒಪ್ಪುತ್ತಾನೆ ಎಂಬ ನಂಬಿಕೆ ಇರುತ್ತದೆ. ವಾಷಿಂಗ್ಟನ್‌ನಲ್ಲಿ ಅದು ನಡೆಯಲಿಲ್ಲ.

ಉಣ್ಣೆಯ ಸ್ವೆಟರ್ ತೊಟ್ಟು ಟಿವಿಯಲ್ಲಿ ಬಂದು, ಹಗಲು ಮನೆಯ ಬಿಸಿಯನ್ನು 65 ಡಿಗ್ರಿ ಫ್ಯಾರನ್‌ಹೀಟ್‌ಗೆ, ರಾತ್ರಿ 55ಕ್ಕೆ ಇಳಿಸಿ ಎಂದರು. 1979ರ ಜೂನ್‌ನಲ್ಲಿ ಶ್ವೇತಭವನದ ಸೂರಿನ ಮೇಲೆ ನೀರು ಕಾಯಿಸುವ 32 ಸೌರಫಲಕ ಹಾಕಿಸಿದರು. 1986ರಲ್ಲಿ, ಅವರ ನಂತರದ ಅಧ್ಯಕ್ಷ ರೇಗನ್ ಕಾಲದಲ್ಲಿ ಸೂರು ರಿಪೇರಿಗೆಂದು ಇಳಿಸಿದವರು ಮತ್ತೆ ಏರಿಸಲಿಲ್ಲ. 1979ರ ಜುಲೈ 15ರಂದು ದೇಶದ ಆತ್ಮವಿಶ್ವಾಸ ಕುಂದಿದೆ ಎಂದು ಮಾಡಿದ ಭಾಷಣವನ್ನು ಜನ ಮೊದಲು ಮೆಚ್ಚಿಕೊಂಡೇ ಇದ್ದರು. ಎರಡೇ ದಿನಕ್ಕೆ ಇಡೀ ಸಂಪುಟದ ರಾಜೀನಾಮೆ ಕೇಳಿ, ಐವರನ್ನು ಕಳಿಸಿದಾಗ ಸರಕಾರವೇ ಅಲ್ಲಾಡುತ್ತಿದೆ ಎಂಬ ಭಾವನೆ ಹುಟ್ಟಿತು. ಹಣದುಬ್ಬರ ಇಳಿಸಲು ಪಾಲ್ ವೋಲ್ಕರ್ ಅವರನ್ನು ಅಮೆರಿಕದ ಕೇಂದ್ರ ಬ್ಯಾಂಕಾದ ಫೆಡರಲ್ ರಿಸರ್ವ್‌ಗೆ ತಂದದ್ದೂ ಕಾರ್ಟರ್ ಅವರೇ. ವೋಲ್ಕರ್ ಬಡ್ಡಿ ಏರಿಸಿದರು, ಸಾಲ ತುಟ್ಟಿಯಾಯಿತು, ಚುನಾವಣೆಯ ವರ್ಷ ಹಣದುಬ್ಬರ ಇನ್ನೂ ಶೇ. 13.5ರಲ್ಲೇ ಇತ್ತು. ಮದ್ದು ಕೆಲಸ ಮಾಡಿದ್ದು ಅವರು ಮನೆಗೆ ಹೋದ ಮೇಲೆ.

ಭಾರತಕ್ಕೂ ಬಂದಿದ್ದರು, 1978ರ ಜನವರಿ ಮೊದಲ ವಾರ. ಮೊರಾರ್ಜಿ ದೇಸಾಯಿ ಜೊತೆಗಿನ ಮಾತು ತಾರಾಪುರದ ಅಣುಸ್ಥಾವರದ ಇಂಧನದ ಬಳಿ ಸಿಕ್ಕಿಕೊಂಡಿತು: ಎಲ್ಲ ಸ್ಥಾವರಗಳನ್ನೂ ತಪಾಸಣೆಗೆ ತೆರೆಯಿರಿ ಎಂದು ಇವರು, ಆಗದು ಎಂದು ಅವರು. ಕೆಟ್ಟ ರಿಯಾಕ್ಟರ್‌ನೊಳಗೆ ಇಳಿದು ಬಂದಿದ್ದವರಿಗೆ ಆ ವಿಷಯದಲ್ಲಿ ಸಡಿಲ ಬಿಡಲು ಮನಸ್ಸಿರಲಿಲ್ಲ. ದೆಹಲಿ ಸಮೀಪ ಅವರು ಹೋಗಿಬಂದ ಹರಿಯಾಣದ ದೌಲತ್‌ಪುರ ನಾಸಿರಾಬಾದ್ ಆಮೇಲೆ ಕಾರ್ಟರ್‌ಪುರಿ ಆಯಿತು. ತಾಯಿ ಲಿಲಿಯನ್‌ಗಂತೂ ಈ ದೇಶ ಇನ್ನೂ ಹತ್ತಿರ. 68ನೇ ವಯಸ್ಸಿನಲ್ಲಿ ಅಮೆರಿಕ ಸರಕಾರದ ಸ್ವಯಂಸೇವಕರ ಪಡೆಯಾದ ಪೀಸ್ ಕೋರ್ ಸೇರಿ, ಮುಂಬಯಿಯ ವಿಕ್ರೋಲಿಯಲ್ಲಿ ನರ್ಸ್ ಆಗಿ ದುಡಿದು ಹೋಗಿದ್ದರು.

ಅವರ ಚಾಳಿ ಪೂರ್ತಿ ಫಲ ಕೊಟ್ಟದ್ದು ಅಧ್ಯಕ್ಷರ ಬಿಡುವಿನ ತಾಣವಾದ ಕ್ಯಾಂಪ್ ಡೇವಿಡ್‌ನಲ್ಲಿ, ಈಜಿಪ್ಟ್ ಮತ್ತು ಇಸ್ರೇಲ್ ನಡುವಿನ ಶಾಂತಿ ಮಾತುಕತೆಯಲ್ಲಿ. 1978ರ ಸೆಪ್ಟೆಂಬರ್ 5ರಿಂದ 17ರವರೆಗೆ, 13 ದಿನ. ಈಜಿಪ್ಟಿನ ಅಧ್ಯಕ್ಷ ಅನ್ವರ್ ಸಾದತ್, ಇಸ್ರೇಲಿನ ಪ್ರಧಾನಿ ಮೆನಾಹೆಮ್ ಬೆಗಿನ್. ಮೊದಲ ಮೂರು ದಿನ ಇಬ್ಬರನ್ನೂ ಎದುರುಬದುರು ಕೂರಿಸಿ ನೋಡಿದರು, ಮಾತು ಕೂಗಾಟಕ್ಕೆ ತಿರುಗಿತು. ಆಮೇಲೆ ಕೊನೆಯವರೆಗೂ ಅವರಿಬ್ಬರನ್ನು ಮಾತುಕತೆಗೆ ಒಟ್ಟಿಗೆ ಕೂರಿಸಲಿಲ್ಲ. ಒಂದೇ ಒಂದು ಕರಡು ಇಟ್ಟುಕೊಂಡು, ಮರದ ಮನೆಗಳ ನಡುವೆ ಕಾರ್ಟರ್ ಓಡಾಡಿದರು. ಅತ್ತ ಕಡೆಯವರಿಗೆ ಯಾವ ಪದ ಚುಚ್ಚುತ್ತದೆ ಎಂದು ಕೇಳುವುದು, ತಿದ್ದುವುದು, ಇತ್ತ ಕಡೆಗೆ ಒಯ್ಯುವುದು. ಇಬ್ಬರೂ ತಂತಮ್ಮ ಕರಡು ಹಿಡಿದು ಕೂತರೆ ಪ್ರತಿ ಸಾಲೂ ಮಾನದ ಪ್ರಶ್ನೆಯಾಗುತ್ತದೆ. ಮೂರನೆಯವನ ಕರಡನ್ನು ಬೈಯುವುದು, ತಿದ್ದುವುದು ಇಬ್ಬರಿಗೂ ಸುಲಭ. ಹೀಗೆ 23 ಕರಡು ಆದವು. ಇಸ್ರೇಲ್ ವಶದಲ್ಲಿದ್ದ ಈಜಿಪ್ಟಿನ ಸಿನಾಯ್ ಕುರಿತ ಒಪ್ಪಂದದ ಮೊದಲ ಕರಡನ್ನು ಅವರೇ ಕೈಯಾರೆ ಬರೆದರು.

ಕೊನೆಯ ದಿನ ಜೆರುಸಲೇಮ್ ಕುರಿತ ಪತ್ರವೊಂದರ ಮೇಲೆ ಎಲ್ಲ ಮುರಿದು ಬೀಳುವಂತಿತ್ತು, ಬೆಗಿನ್ ಹೊರಟು ನಿಂತರು. ಮೊಮ್ಮಕ್ಕಳಿಗೆ ಕೊಡಲು ಮೂವರ ಫೋಟೋಗೆ ಸಹಿ ಬೇಕು ಎಂದು ಅವರು ಮೊದಲೇ ಕೇಳಿದ್ದರು. ಕಾರ್ಟರ್ ಬರೀ ಸಹಿ ಹಾಕಿ ಕಳಿಸಲಿಲ್ಲ. ಮೊಮ್ಮಕ್ಕಳ ಹೆಸರುಗಳನ್ನು ಇಸ್ರೇಲಿನಿಂದ ತರಿಸಿ, ಒಂದೊಂದು ಫೋಟೋದ ಮೇಲೆ ಒಂದೊಂದು ಹೆಸರು ಬರೆದು, ತಾವೇ ಕೊಂಡೊಯ್ದು ಕೈಗಿಟ್ಟರು. ಬೆಗಿನ್ ಒಂದೊಂದೇ ಹೆಸರನ್ನು ಓದುತ್ತ ಹೋದರು, ಕಣ್ಣು ತುಂಬಿತು. ಸ್ವಲ್ಪ ಹೊತ್ತಿಗೆ ಮಾತು ಮತ್ತೆ ಶುರುವಾಯಿತು, ಅಂದು ರಾತ್ರಿಯೇ ಸಹಿ ಬಿತ್ತು. 1982ರ ಏಪ್ರಿಲ್ ಹೊತ್ತಿಗೆ ಇಸ್ರೇಲ್ ಸಿನಾಯ್ ಬಿಟ್ಟು ಹೋಯಿತು. ಆಮೇಲೆ ಆ ಎರಡು ದೇಶಗಳ ನಡುವೆ ಯುದ್ಧ ಆಗಿಲ್ಲ.

ಅಲ್ಲೂ ಒಂದು ಬೋಲ್ಟ್ ಸಡಿಲ ಉಳಿಯಿತು. ಪ್ಯಾಲೆಸ್ಟೀನಿಯರಿರುವ ಪಶ್ಚಿಮ ದಂಡೆಯಲ್ಲಿ ಇಸ್ರೇಲಿಗರಿಗೆ ಹೊಸ ವಸತಿ ಕಟ್ಟುವುದನ್ನು ಸ್ವಾಯತ್ತತೆಯ ಮಾತುಕತೆ ಮುಗಿಯುವ ತನಕ ನಿಲ್ಲಿಸಲು ಬೆಗಿನ್ ಒಪ್ಪಿದ್ದಾರೆ ಎಂದು ಕಾರ್ಟರ್ ತಿಳಿದಿದ್ದರು. ಮೂರು ತಿಂಗಳಿಗೆ ಮಾತ್ರ ಒಪ್ಪಿದ್ದೆ ಎಂದು ಬೆಗಿನ್ ಹೇಳಿದರು. ಆ ಅಂಶ ಒಪ್ಪಂದದ ಪಠ್ಯದೊಳಗೆ ಸೇರಿರಲಿಲ್ಲ, ಮರುದಿನ ಬರಬೇಕಾದ ಪತ್ರಕ್ಕೆ ಬಿಟ್ಟಿದ್ದರು. ಬಂದ ಪತ್ರದಲ್ಲಿ ಇದ್ದದ್ದು ಮೂರು ತಿಂಗಳು. ಪ್ಯಾಲೆಸ್ಟೀನಿಯರ ಪಾಲಿನ ಅರ್ಧ ಒಪ್ಪಂದ ಕಾಗದದಲ್ಲೇ ಉಳಿಯಿತು.

ಇನ್ನು ಹೆಲಿಕಾಪ್ಟರ್ ವಿಷಯ. 1979ರ ನವೆಂಬರ್ 4ರಂದು ಟೆಹರಾನ್‌ನ ಅಮೆರಿಕನ್ ದೂತಾವಾಸಕ್ಕೆ ನುಗ್ಗಿದ ವಿದ್ಯಾರ್ಥಿಗಳು ಹಿಡಿದಿಟ್ಟವರಲ್ಲಿ 52 ಮಂದಿ ಕೊನೆಯವರೆಗೂ ಸೆರೆಯಲ್ಲಿದ್ದರು. ಐದು ತಿಂಗಳು ಮಾತುಕತೆ ನಡೆಸಿ ಸೋತ ಮೇಲೆ ಕಾರ್ಟರ್ ಸೇನಾ ಯೋಜನೆಗೆ ಒಪ್ಪಿದರು. ನಿಮಿಟ್ಜ್ ಹಡಗಿನಿಂದ 8 ಹೆಲಿಕಾಪ್ಟರ್ ರಾತ್ರಿ ಕತ್ತಲಲ್ಲಿ, ರೇಡಿಯೋ ಮೌನದಲ್ಲಿ, ಸುಮಾರು 1,000 ಕಿಲೋಮೀಟರ್ ಹಾರಿ ಇರಾನಿನ ಮರುಭೂಮಿಯಲ್ಲಿ ಗುರುತು ಮಾಡಿದ ಜಾಗಕ್ಕೆ ಬರಬೇಕು. ಸಿ-130 ವಿಮಾನಗಳು ಕಮಾಂಡೊಗಳನ್ನೂ ಇಂಧನವನ್ನೂ ಅಲ್ಲಿಗೆ ತರಬೇಕು. ಇಂಧನ ತುಂಬಿಕೊಂಡು ಟೆಹರಾನ್ ಬಳಿ ಅಡಗಬೇಕು, ಮರುರಾತ್ರಿ ದೂತಾವಾಸಕ್ಕೆ ನುಗ್ಗಬೇಕು. ಇದಕ್ಕೆಲ್ಲ ಕನಿಷ್ಠ 6 ಹೆಲಿಕಾಪ್ಟರ್ ಬೇಕು ಎಂಬುದು ಲೆಕ್ಕ.

1980ರ ಏಪ್ರಿಲ್ 24ರ ರಾತ್ರಿ ಒಂದು ಹೆಲಿಕಾಪ್ಟರ್‌ನಲ್ಲಿ ರೆಕ್ಕೆ ಬಿರುಕು ಬಿಟ್ಟಿರಬಹುದೆಂಬ ಸೂಚನೆಯ ದೀಪ ಹತ್ತಿತು, ಅದನ್ನು ಮರಳಿನಲ್ಲೇ ಬಿಟ್ಟರು. ಹಿಟ್ಟಿನಂಥ ನಯವಾದ ಧೂಳಿನ ಮೋಡ ಅಡ್ಡ ಬಂತು, ಉಪಕರಣವೂ ಕೈಕೊಟ್ಟು ಇನ್ನೊಂದು ಹೆಲಿಕಾಪ್ಟರ್ ಹಡಗಿಗೆ ವಾಪಸಾಯಿತು. ಮುಂದಿನ ಆಕಾಶ ತಿಳಿಯಾಗಿದೆ ಎಂಬುದು ರೇಡಿಯೋ ಮೌನದಿಂದಾಗಿ ಅದರ ಪೈಲಟ್‌ಗೆ ಗೊತ್ತಾಗಲಿಲ್ಲ. ಆರು ಬಂದಿಳಿದವು. ಅದರಲ್ಲಿ ಒಂದರ ಹೈಡ್ರಾಲಿಕ್ ಪಂಪು ಕೆಟ್ಟಿತ್ತು. ಉಳಿದದ್ದು ಐದು. ಕಮಾಂಡೊಗಳ ಮುಖ್ಯಸ್ಥ ಕರ್ನಲ್ ಚಾರ್ಲ್ಸ್ ಬೆಕ್‌ವಿತ್ ಹಿಂದಿರುಗೋಣ ಎಂದರು, ಕಾರ್ಟರ್ ಒಪ್ಪಿದರು. ಹೊರಡುವ ಗಡಿಬಿಡಿಯಲ್ಲಿ, ತನ್ನದೇ ಗಾಳಿಗೆ ಎದ್ದ ಧೂಳಿನಲ್ಲಿ ಒಂದು ಹೆಲಿಕಾಪ್ಟರ್ ಇಂಧನ ತುಂಬಿದ್ದ ವಿಮಾನಕ್ಕೆ ಬಡಿಯಿತು. ಎಂಟು ಮಂದಿ ಸುಟ್ಟುಹೋದರು.

ಇನ್ನೊಂದು ಹೆಲಿಕಾಪ್ಟರ್ ಇದ್ದಿದ್ದರೆ ಎಂದು ಕಾರ್ಟರ್ 35 ವರ್ಷ ಆದಮೇಲೂ ಕೊರಗಿದರು. ತನಿಖೆ ಮಾಡಿದ ಅಡ್ಮಿರಲ್ ಹಾಲೋವೇ ಅವರ ಸಮಿತಿಯೂ ಹತ್ತಾದರೂ ಬೇಕಿತ್ತು ಎಂದಿತು. ಆದರೆ ಅದೇ ವರದಿಯ ಇನ್ನೊಂದು ಮಾತು ಹೆಚ್ಚು ಮುಖ್ಯ: ಎಲ್ಲ ತುಕಡಿಗಳೂ ಸೇರಿ ಮೊದಲಿಂದ ಕೊನೆಯವರೆಗೆ ಒಮ್ಮೆಯೂ ತಾಲೀಮು ಮಾಡಿರಲಿಲ್ಲ. ಗುಟ್ಟು ಬಯಲಾಗದಿರಲಿ ಎಂದು ಬಿಡಿಬಿಡಿಯಾಗಿ ಅಭ್ಯಾಸ ಮಾಡಿದ್ದರು, ಒಂದು ಗುಂಪಿಗೆ ಇನ್ನೊಂದರ ಸುದ್ದಿ ತಿಳಿಯುತ್ತಿರಲಿಲ್ಲ. ಚಾಕ್ ರಿವರ್‌ನ ಟೆನ್ನಿಸ್ ಅಂಗಳದಲ್ಲಿ ಇದ್ದದ್ದು ಇಲ್ಲಿ ಇರಲಿಲ್ಲ. ಕಮ್ಮಿಬಿದ್ದದ್ದು ಹೆಲಿಕಾಪ್ಟರ್ ಅನ್ನುವುದಕ್ಕಿಂತ ಆ ಅಂಗಳ ಎನ್ನಬೇಕು.

ಆ ನವೆಂಬರ್‌ನಲ್ಲಿ ರೇಗನ್ ಎದುರು 489–49 ಎಲೆಕ್ಟೋರಲ್ ಮತಗಳಿಂದ ಸೋತರು. ಕೊನೆಯ ಎರಡು ರಾತ್ರಿ ನಿದ್ದೆಗೆಟ್ಟು, ಅಲ್ಜೀರಿಯಾದ ಮಧ್ಯಸ್ಥಿಕೆಯಲ್ಲಿ, ಅಮೆರಿಕ ತಡೆಹಿಡಿದಿದ್ದ ಇರಾನಿನ ಹಣದ ವರ್ಗಾವಣೆಯನ್ನು ಒಂದೊಂದೇ ಬ್ಯಾಂಕಿನ ಮೂಲಕ ಮುಗಿಸಿದರು. 444ನೇ ದಿನ, ರೇಗನ್ ಪ್ರಮಾಣ ಸ್ವೀಕರಿಸಿದ ಕೆಲವೇ ನಿಮಿಷಗಳಿಗೆ, ವಿಮಾನ ಟೆಹರಾನ್‌ನಿಂದ ಮೇಲೇರಿತು. 52 ಜನವೂ ಜೀವಂತ ಬಂದರು.

ಪ್ಲೇನ್ಸ್‌ಗೆ ಮರಳಿದಾಗ ವಯಸ್ಸು 56. ಬೇರೆಯವರ ಸುಪರ್ದಿಗೆ ಬಿಟ್ಟಿದ್ದ ಗೋದಾಮಿನ ಮೇಲೆ 10 ಲಕ್ಷ ಡಾಲರ್ ಸಾಲ ಏರಿತ್ತು, ಮಾರಬೇಕಾಯಿತು. 1961ರಲ್ಲಿ ಕಟ್ಟಿಸಿದ್ದ ಸಾದಾ ಮನೆಯಲ್ಲೇ ಸಾಯುವ ತನಕ ಉಳಿದರು. 1982ರಲ್ಲಿ ಕಾರ್ಟರ್ ಸೆಂಟರ್ ಕಟ್ಟಿದರು, 1986ರಲ್ಲಿ ಗಿನಿ ಹುಳದ ಕೆಲಸ ಕೈಗೆತ್ತಿಕೊಂಡರು.

ಉತ್ತರ ಕರ್ನಾಟಕದ ಹಿರಿಯರಿಗೆ ಈ ಕಾಯಿಲೆಯ ಹೆಸರು ಗೊತ್ತು: ನಾರುಹುಣ್ಣು. ಹೆಸರೇ ಎಲ್ಲ ಹೇಳುತ್ತದೆ, ಹುಣ್ಣಿನಿಂದ ನಾರಿನಂಥ ಹುಳು ಹೊರಬರುತ್ತದೆ. ಕೆರೆ, ಮೆಟ್ಟಿಲು ಬಾವಿಯ ನೀರಿನಲ್ಲಿ ಸೈಕ್ಲಾಪ್ಸ್ ಎಂಬ, ಕಣ್ಣಿಗೆ ಚುಕ್ಕೆಯಂತೆ ಕಾಣುವ ಜಂತು ಇರುತ್ತದೆ. ಹುಳದ ಮರಿಯನ್ನು ನುಂಗಿದ ಸೈಕ್ಲಾಪ್ಸ್ ನೀರಿನ ಜೊತೆ ಹೊಟ್ಟೆ ಸೇರಿದರೆ, ಜಠರದ ಆಮ್ಲಕ್ಕೆ ಅದು ಸಾಯುತ್ತದೆ, ಮರಿ ಬದುಕುತ್ತದೆ. ಕರುಳು ಕೊರೆದು ಹೊರಬಂದು, ಬೆಳೆದು, ಕೂಡಿ, ಗಂಡು ಸಾಯುತ್ತದೆ. ಹೆಣ್ಣು ಒಂದು ವರ್ಷದಲ್ಲಿ ಮುಕ್ಕಾಲು, ಒಂದು ಮೀಟರ್ ಉದ್ದವಾಗಿ, ಹೆಚ್ಚಾಗಿ ಕಾಲಿನ ಚರ್ಮದಡಿ ಬಂದು ಗುಳ್ಳೆ ಎಬ್ಬಿಸುತ್ತದೆ. ಆ ಉರಿಗೆ ರೋಗಿ ಕಾಲನ್ನು ನೀರಿನಲ್ಲಿ ಅದ್ದುತ್ತಾನೆ. ಹುಳು ಕಾಯುತ್ತಿದ್ದುದೇ ಅದಕ್ಕೆ, ಲಕ್ಷಗಟ್ಟಲೆ ಮರಿಗಳನ್ನು ನೀರಿಗೆ ಬಿಡುತ್ತದೆ. ಚಕ್ರ ಮತ್ತೆ ಶುರು.

ಔಷಧಿ ಇಲ್ಲ, ಲಸಿಕೆ ಇಲ್ಲ, ಒಮ್ಮೆ ಬಂದರೆ ಮತ್ತೆ ಬರುವುದಿಲ್ಲ ಎಂಬುದೂ ಇಲ್ಲ. ಹೊರಬಂದ ಹುಳುವನ್ನು ಸಣ್ಣ ಕಡ್ಡಿಗೆ ಸುತ್ತುತ್ತ ದಿನಕ್ಕೆ ಕೆಲವೇ ಸೆಂಟಿಮೀಟರ್ ಎಳೆಯಬೇಕು, ವಾರಗಟ್ಟಲೆ. ಅವಸರಕ್ಕೆ ಎಳೆದು ತುಂಡಾದರೆ ಉಳಿದ ಭಾಗ ಒಳಗೇ ಕೊಳೆತು ಕೀವಾಗುತ್ತದೆ. ಬಿತ್ತುವ, ಕೊಯ್ಯುವ ಕಾಲಕ್ಕೆ ಇಡೀ ಮನೆ ಹಾಸಿಗೆ ಹಿಡಿಯುತ್ತಿತ್ತು. 1988ರಲ್ಲಿ ಘಾನಾದ ಹಳ್ಳಿಯೊಂದರಲ್ಲಿ ಎದೆಗವಚಿ ಏನನ್ನೋ ಹಿಡಿದ ಹೆಂಗಸನ್ನು ಕಂಡು, ಮಗು ಎಂದುಕೊಂಡು ಕಾರ್ಟರ್ ಹತ್ತಿರ ಹೋದರು. ಆಕೆ ಹಿಡಿದಿದ್ದು ಬಾತ ಮೊಲೆಯನ್ನು, ತೊಟ್ಟಿನಿಂದ ಹುಳು ಹೊರಬರುತ್ತಿತ್ತು.

ಆದರೆ ಚಕ್ರದ ಒಂದು ಹಲ್ಲು ಮುರಿದರೂ ಹುಳು ಸಾಯುತ್ತದೆ. ಸೈಕ್ಲಾಪ್ಸ್ ಸುಮಾರು ಒಂದು ಮಿಲಿಮೀಟರ್, ಅದರ ಹತ್ತನೇ ಒಂದರಷ್ಟು ಕಂಡಿಯಿರುವ ನೈಲಾನ್ ಬಟ್ಟೆಯಲ್ಲಿ ಸೋಸಿದರೆ ಸಾಕು. ಬಟ್ಟೆಯ ಒಂದೇ ಮಗ್ಗುಲು ಯಾವಾಗಲೂ ಮೇಲಿರಬೇಕು. ಮಗುಚಿ ಕಟ್ಟಿದರೆ ನಿನ್ನೆ ಹಿಡಿದ ಸೈಕ್ಲಾಪ್ಸ್ ಇಂದು ಕೊಡಕ್ಕೇ ಬೀಳುತ್ತದೆ. ಸಣ್ಣ ತೂತು ಬಿದ್ದರೂ ಬಟ್ಟೆ ಬದಲಿಸಬೇಕು. ದನ ಕಾಯಲು ಹೋಗುವವರಿಗೆ ತುದಿಗೆ ಅದೇ ಬಟ್ಟೆ ಕಟ್ಟಿದ ಕೊಳವೆ, ಕೊರಳಿಗೆ ತೂಗುಬಿಟ್ಟು ಬೇಕಾದಲ್ಲಿ ಅದರಿಂದ ಹೀರುವುದು. ಕೆರೆಗೆ ಟೆಮೆಫಾಸ್ ಎಂಬ ಮದ್ದು, 10 ಲಕ್ಷ ಭಾಗ ನೀರಿಗೆ 1 ಭಾಗ, ಹುಳು ಹೊರಬರುವ ಕಾಲದಲ್ಲಿ ಸುಮಾರು ನಾಲ್ಕು ವಾರಕ್ಕೊಮ್ಮೆ. ಹುಳು ಕಂಡ 24 ಗಂಟೆಯೊಳಗೆ ರೋಗಿಯನ್ನು ಗುರುತಿಸಿ, ಗಾಯ ಕಟ್ಟಿ, ನೀರಿಗೆ ಇಳಿಯದಂತೆ ನೋಡಿಕೊಳ್ಳಬೇಕು. ಇವನ್ನೆಲ್ಲ ಮಾಡುವವರು ಊರಿನದೇ ಹುಡುಗರು, ಹೆಂಗಸರು, ಒಂದು ವಹಿ ಮತ್ತು ಒಂದು ಪೆನ್ಸಿಲ್ ಹಿಡಿದವರು. ತಪ್ಪಿದ ಒಂದೇ ಹುಳು ಮುಂದಿನ ವರ್ಷ ಹತ್ತಾರು ಆಗಿ ಬರುತ್ತದೆ, ಅದಕ್ಕೆ ಮೊದಲು ತಪ್ಪಿದ್ದು ಗೊತ್ತೂ ಆಗುವುದಿಲ್ಲ.

ಭಾರತ ಈ ಕೆಲಸವನ್ನು ಕಾರ್ಟರ್‌ಗಿಂತ ಮೊದಲೇ, ತನ್ನದೇ ಬಲದಿಂದ ಶುರು ಮಾಡಿತ್ತು ಎಂಬುದನ್ನು ಮರೆಯಬಾರದು. 1984ರಲ್ಲಿ ಕರ್ನಾಟಕವೂ ಸೇರಿ ಏಳು ರಾಜ್ಯಗಳಲ್ಲಿ ಸುಮಾರು 40 ಸಾವಿರ ರೋಗಿಗಳಿದ್ದರು. ಜನ ಕಾಲಿಟ್ಟು ಇಳಿಯುವ ಮೆಟ್ಟಿಲು ಬಾವಿಗಳನ್ನು ಹಗ್ಗದಿಂದ ಸೇದುವ ಬಾವಿಗಳಾಗಿ ಮಾಡಿದರು, ಕೊಳವೆಬಾವಿ ಕೊರೆಸಿದರು, ಮನೆಮನೆ ಸುತ್ತಿ ಹುಡುಕಿದರು. ಕೊನೆಯ ರೋಗಿ 1996ರ ಜುಲೈನಲ್ಲಿ ರಾಜಸ್ಥಾನದ ಜೋಧಪುರ ಜಿಲ್ಲೆಯಲ್ಲಿ ಸಿಕ್ಕರು. 2000ದಲ್ಲಿ ದೇಶ ನಾರುಹುಣ್ಣಿನಿಂದ ಮುಕ್ತ ಎಂಬ ಪ್ರಮಾಣಪತ್ರ ಬಂತು.

ಆಫ್ರಿಕಾದ ಹಾದಿ ಉದ್ದವಾಯಿತು. 1986ರಲ್ಲಿ ಜಗತ್ತಿನಲ್ಲಿ ಅಂದಾಜು 35 ಲಕ್ಷ ರೋಗಿಗಳು. ಸುಡಾನಿನಲ್ಲಿ ಅಂತರ್ಯುದ್ಧ ನಡೆಯುತ್ತಿದ್ದರಿಂದ ಹಳ್ಳಿಗಳಿಗೆ ಹೋಗುವಂತಿರಲಿಲ್ಲ. 1995ರಲ್ಲಿ ಕಾರ್ಟರ್ ಎರಡೂ ಕಡೆಯವರನ್ನು ಒಪ್ಪಿಸಿ, ಸೋಸುವ ಬಟ್ಟೆ ಹಂಚಲೆಂದೇ ಸುಮಾರು ಆರು ತಿಂಗಳ ಕದನವಿರಾಮ ತಂದರು. ಕ್ಯಾಂಪ್ ಡೇವಿಡ್‌ನ ಮನುಷ್ಯನೂ ಕೆರೆಯ ದಡದ ಮನುಷ್ಯನೂ ಒಬ್ಬರೇ ಎನ್ನಲು ಇದಕ್ಕಿಂತ ಬೇರೆ ಸಾಕ್ಷಿ ಬೇಡ. ಹತ್ತು ವರ್ಷ ಒಂದೂ ಪ್ರಕರಣ ವರದಿಯಾಗದಿದ್ದ ಚಾಡ್‌ನಲ್ಲಿ 2010ರಲ್ಲಿ ಹುಳು ಮತ್ತೆ ಕಂಡಿತು. 2012ರಿಂದ ಅಲ್ಲಿನ ನಾಯಿಗಳಲ್ಲೂ ಸಿಗತೊಡಗಿತು. ನದಿದಂಡೆಯಲ್ಲಿ ಎಸೆದ ಮೀನಿನ ಕರುಳು ತಿಂದು ನಾಯಿಗೆ ಅಂಟುತ್ತಿರಬಹುದು ಎಂಬ ಶಂಕೆ ಬಲವಾಯಿತು. ಲೆಕ್ಕದ ಪುಸ್ತಕಕ್ಕೆ ಇನ್ನೊಂದು ಕಾಲಂ ಸೇರಿತು: ನಾಯಿಗಳನ್ನು ಹುಳು ಪೂರ್ತಿ ಹೊರಬರುವ ತನಕ ಗೂಟಕ್ಕೆ ಕಟ್ಟಬೇಕು, ಮೀನಿನ ಕರುಳನ್ನು ಗುಂಡಿ ತೋಡಿ ಹೂಳಬೇಕು, ಸುದ್ದಿ ಕೊಟ್ಟವರಿಗೆ ಇನಾಮು ಕೊಡಬೇಕು.

ಮಿದುಳಿನ ಚುಕ್ಕೆಗಳು ಹೊಸ ಔಷಧಿಗೆ ಕರಗಿದವು, 2015ರ ಡಿಸೆಂಬರ್‌ನಲ್ಲಿ ಸ್ಕ್ಯಾನ್ ತಿಳಿಯಾಗಿ ಬಂತು. ಊರ ಚರ್ಚಿನಲ್ಲಿ ಭಾನುವಾರದ ಪಾಠ ಮತ್ತೆ ಶುರು ಮಾಡಿದರು, ಬಡವರ ಮನೆ ಕಟ್ಟುವಲ್ಲಿ ಸುತ್ತಿಗೆ ಹಿಡಿದರು. 2023ರ ಫೆಬ್ರವರಿಯಲ್ಲಿ ಇನ್ನು ಚಿಕಿತ್ಸೆ ಸಾಕು ಎಂದು ಮನೆಯಲ್ಲೇ ಉಳಿದವರು ಮತ್ತೆ ಎರಡು ವರ್ಷದ ಹತ್ತಿರ ಬದುಕಿದರು. ಆ ನವೆಂಬರ್‌ನಲ್ಲಿ ರೋಸಲಿನ್ ಹೋದರು. 2024ರ ಡಿಸೆಂಬರ್ 29ರಂದು, 100 ದಾಟಿದ ಮೇಲೆ, ಕಾರ್ಟರ್ ಹೋದರು. ಮಣ್ಣು ಮಾಡಿದ್ದು ಪ್ಲೇನ್ಸ್‌ನ ಮನೆಯಂಗಳದಲ್ಲಿ, ಹೆಂಡತಿಯ ಪಕ್ಕ.

ಆ ವರ್ಷ ಇಡೀ ಜಗತ್ತಿನಲ್ಲಿ ನಾರುಹುಣ್ಣು ಕಂಡ ಮನುಷ್ಯರು 15, ಎಲ್ಲರೂ ಚಾಡ್ ಮತ್ತು ದಕ್ಷಿಣ ಸುಡಾನಿನವರು. ಅವರಲ್ಲಿ ಯಾರಾದರೂ ಗಾಯ ಕಟ್ಟುವ ಮೊದಲೇ ನೀರಿಗೆ ಇಳಿದಿದ್ದರೋ ಇಲ್ಲವೋ ಎಂಬುದು ತಿಳಿಯಬೇಕಾದರೆ ಇನ್ನೂ ಒಂದು ವರ್ಷ ಕಾಯಬೇಕಿತ್ತು.